ನೀರು ಒಡೆಯುವ ನಿಕ್ಕಲ್ ಸೆಲ್‌ನ ವೋಲ್ಟೇಜ್ ಏರುತ್ತಿದೆಯಾ? ಕ್ಯಾಟಲಿಸ್ಟ್ ಕಿತ್ತು ಬಿಸಾಡುವ ಮೊದಲು ಇಷ್ಟು ನೋಡಿ

ನಾನು ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಹೋದ ಮಳೆಗಾಲದಲ್ಲಿ ಮೂವರು ಮಕ್ಕಳು ಸೇರಿ, ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ, ನೀರು ಒಡೆದು ಹೈಡ್ರೋಜನ್ ತೆಗೆಯುವ ಒಂದು ಸಣ್ಣ ಸೆಲ್ ಕಟ್ಟಿದರು. ಎರಡು ತುಂಡು ನಿಕ್ಕಲ್ ಫೋಮ್ (ಸ್ಪಂಜಿನಂಥ ನಿಕ್ಕಲ್ ಹಾಳೆ), ಒಂದೊಂದೂ 10 ಚದರ ಸೆಂಟಿಮೀಟರ್. ಪಾಸಿಟಿವ್ ಕಡೆಯ ತುಂಡಿಗೆ, ಅಂದರೆ ಆಕ್ಸಿಜನ್ ಬರುವ ಆನೋಡ್‌ಗೆ, ನಿಕ್ಕಲ್ ಮತ್ತು ಕಬ್ಬಿಣ ಬೆರೆಸಿದ ಲೇಪನ; ನೀರು ಸಲೀಸಾಗಿ ಒಡೆಯಲು ನೆರವಾಗುವ ಕ್ಯಾಟಲಿಸ್ಟ್ ಇದೇ. ಇನ್ನೊಂದು, ಅಂದರೆ ಹೈಡ್ರೋಜನ್ ಬರುವ ಕ್ಯಾಥೋಡ್, ಬರೀ ನಿಕ್ಕಲ್. ನಡುವೆ ಪಾಲಿಪ್ರೊಪಿಲೀನ್ ಬಟ್ಟೆ. ದ್ರಾವಣ 1 ಮೋಲಾರ್ ಕಾಸ್ಟಿಕ್ ಪೊಟ್ಯಾಶ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್). 1 ಆಂಪಿಯರ್ ಕೊಟ್ಟಾಗ ಮೊದಲ ದಿನ ಮೀಟರ್ 2.00 ವೋಲ್ಟ್ ತೋರಿಸಿತು. ಮೂರು ವಾರ ಆದಮೇಲೆ ಅದೇ 1 ಆಂಪಿಯರ್‌ಗೆ 2.45.

"ಮೇಡಂ, ಕ್ಯಾಟಲಿಸ್ಟ್ ಹೋಯ್ತು" ಅಂದರು. ಹೊಸ ಫೋಮ್ ಕತ್ತರಿಸಿ ಮತ್ತೆ ಲೇಪನ ಮಾಡಿದರು, ಎರಡು ದಿನ ಹಿಡಿಯಿತು. ಹಾಕಿ ನೋಡಿದರೆ 2.43. ಮೂರನೇ ಸಲ ಫೋಮ್ ಕತ್ತರಿಸಲು ಹೊರಟಾಗ ನಾನು ಕತ್ತರಿ ಇಸಿದುಕೊಂಡೆ. ಕ್ಯಾಟಲಿಸ್ಟ್ ಬದಲಿಸಿದರೂ ವೋಲ್ಟೇಜ್ ಇಳಿಯಲಿಲ್ಲ ಅಂದರೆ ತಪ್ಪು ಕ್ಯಾಟಲಿಸ್ಟ್‌ನದ್ದಲ್ಲ, ಅಲ್ವಾ? ಎಲ್ಲಿದೆ ಅಂತ ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲೋ ಕಾಲೇಜಿನಲ್ಲೋ ಇಂಥ ಸೆಲ್ ಕಟ್ಟುವವರಿಗೆ ಉಪಯೋಗಕ್ಕೆ ಬರಲಿ.

ಮೊದಲೇ ಒಂದು ಮಾತು. ಗಾಳಿಯಲ್ಲಿ ಹೈಡ್ರೋಜನ್ 4 ಪರ್ಸೆಂಟ್‌ನಿಂದ 75 ಪರ್ಸೆಂಟ್‌ವರೆಗೆ ಇದ್ದರೆ ಹೊತ್ತಿಕೊಳ್ಳುತ್ತದೆ. ಸೆಲ್ಲನ್ನು ಯಾವತ್ತೂ ಗಾಳಿಯಾಡದಂತೆ ಮುಚ್ಚಬೇಡಿ. ಎರಡೂ ಗ್ಯಾಸನ್ನು ಒಂದೇ ಪಾತ್ರೆಗೆ ಬಿಡಬೇಡಿ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಊದುಬತ್ತಿ ಇರಕೂಡದು. ಕಾಸ್ಟಿಕ್ ಪೊಟ್ಯಾಶ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಹಾಗಾಗಿ ಕನ್ನಡಕ, ಗ್ಲೌಸ್ ಇಲ್ಲದೆ ಮಕ್ಕಳನ್ನು ಹತ್ತಿರ ಬಿಡಬೇಡಿ. ನೀರಿಗೆ ಪೊಟ್ಯಾಶ್ ಹಾಕಬೇಕು, ಪೊಟ್ಯಾಶ್‌ಗೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ. ಪೊಟ್ಯಾಶ್ ಅದನ್ನು ತಿಂದು, ಕರೆಂಟ್ ಇಲ್ಲದಿದ್ದರೂ ಹೈಡ್ರೋಜನ್ ಬಿಡುತ್ತದೆ.

0.45 ವೋಲ್ಟ್‌ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಬೇಕು. 25 ಡಿಗ್ರಿಯಲ್ಲಿ ನೀರು ಒಡೆಯಲು ಲೆಕ್ಕದ ಪ್ರಕಾರ ಬೇಕಾದ ಕನಿಷ್ಠ ವೋಲ್ಟೇಜ್ 1.23. ಅದರ ಮೇಲೆ ಕೊಡುವುದರಲ್ಲಿ ಒಂದಷ್ಟು ಆನೋಡ್‌ಗೆ, ಒಂದಷ್ಟು ಕ್ಯಾಥೋಡ್‌ಗೆ, ಉಳಿದದ್ದು ತಂತಿ, ಕ್ಲಿಪ್, ದ್ರಾವಣ, ನಡುವಿನ ಬಟ್ಟೆಗೆ. ಕ್ಯಾಟಲಿಸ್ಟ್ ಉಳಿಸಿಕೊಡುವುದು ಮೊದಲ ಎರಡನ್ನು ಮಾತ್ರ. ಮೂರನೆಯದರ ಮೇಲೆ ಅದಕ್ಕೆ ಹಿಡಿತವೇ ಇಲ್ಲ.

ದುಡ್ಡಿನ ಲೆಕ್ಕ ಹೀಗಿದೆ. 1 ಕಿಲೋ ಹೈಡ್ರೋಜನ್ ತೆಗೆಯಲು, ಸೆಲ್‌ನ ಪ್ರತಿ 1 ವೋಲ್ಟ್‌ಗೆ ಸುಮಾರು 26.6 ಯೂನಿಟ್ ಕರೆಂಟ್ ಹೋಗುತ್ತದೆ. 2.00 ವೋಲ್ಟ್‌ನಲ್ಲಿ 53 ಯೂನಿಟ್, 2.45ರಲ್ಲಿ 65 ಯೂನಿಟ್. ಕಿಲೋಗೆ 12 ಯೂನಿಟ್ ಸುಮ್ನೆ ಬಿಸಿಯಾಗಿ ಹೋಯಿತು. ಆಮ್ಲದ ಮಾದರಿಯ ಸೆಲ್‌ಗಳಿಗೆ ಪ್ಲಾಟಿನಂ, ಇರಿಡಿಯಂ ಬೇಕು. ಇರಿಡಿಯಂ ಇಡೀ ಜಗತ್ತಿನಲ್ಲೇ ವರ್ಷಕ್ಕೆ ಕೆಲವೇ ಟನ್ ಸಿಗುತ್ತದೆ. ಅದಕ್ಕೇ ನಿಕ್ಕಲ್, ಕಬ್ಬಿಣದಂಥ ಅಗ್ಗದ ಲೋಹಗಳ ಮೇಲೆ ಇಷ್ಟು ಜನ ಕೆಲಸ ಮಾಡುತ್ತಿದ್ದಾರೆ. ನಮ್ಮ ದೇಶದ ಹಸಿರು ಹೈಡ್ರೋಜನ್ ಮಿಷನ್‌ಗೆ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು. ಅಷ್ಟು ದುಡ್ಡು ಸುರಿದು ಒಳ್ಳೆ ಕ್ಯಾಟಲಿಸ್ಟ್ ಮಾಡಿ, ಆಮೇಲೆ ಕ್ಲಿಪ್‌ನಲ್ಲಿ ಅರ್ಧ ವೋಲ್ಟ್ ಚೆಲ್ಲಿದರೆ ಹೊಟ್ಟೆ ಉರಿಯುತ್ತದೆ.

ಎರಡು ಅಳತೆ, ಒಂದು ಕಳೆಯುವ ಲೆಕ್ಕ

ಇದೊಂದನ್ನು ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಪವರ್ ಸಪ್ಲೈಯಲ್ಲಿ ಕರೆಂಟನ್ನು 0.5 ಆಂಪಿಯರ್‌ಗೆ ನಿಲ್ಲಿಸಿ, ಐದು ನಿಮಿಷ ಬಿಟ್ಟು ವೋಲ್ಟೇಜ್ ಬರೆದುಕೊಳ್ಳಿ. ಆಮೇಲೆ 1 ಆಂಪಿಯರ್‌ಗೆ ಏರಿಸಿ, ಮತ್ತೆ ಐದು ನಿಮಿಷ ಬಿಟ್ಟು ಬರೆದುಕೊಳ್ಳಿ.

ಕ್ಯಾಟಲಿಸ್ಟ್‌ನ ಸ್ವಭಾವ ಏನಪ್ಪಾ ಅಂದರೆ, ಕರೆಂಟ್ ಎರಡು ಪಟ್ಟು ಮಾಡಿದರೂ ಅದು ಜಾಸ್ತಿ ವೋಲ್ಟೇಜ್ ಕೇಳುವುದಿಲ್ಲ. ಒಳ್ಳೆಯ ನಿಕ್ಕಲ್-ಕಬ್ಬಿಣದ ಆನೋಡ್ ಹತ್ತು ಪಟ್ಟು ಕರೆಂಟ್‌ಗೆ ಸುಮಾರು 40 ಮಿಲಿವೋಲ್ಟ್ ಜಾಸ್ತಿ ಕೇಳುತ್ತದೆ, ಬರೀ ನಿಕ್ಕಲ್ ಕ್ಯಾಥೋಡ್ ಸುಮಾರು 120. ಎರಡು ಪಟ್ಟಿಗೆ ಎರಡೂ ಸೇರಿ 50 ಮಿಲಿವೋಲ್ಟ್ ಆಸುಪಾಸು. ಆದರೆ ಕ್ಲಿಪ್, ತಂತಿ, ದ್ರಾವಣದ ಅಡ್ಡಿ (ರೆಸಿಸ್ಟೆನ್ಸ್) ಹಾಗಲ್ಲ. ಕರೆಂಟ್ ಎರಡು ಪಟ್ಟಾದರೆ ಅದು ತಿನ್ನುವ ವೋಲ್ಟೇಜೂ ಎರಡು ಪಟ್ಟು. ಈ ವ್ಯತ್ಯಾಸವೇ ನಮಗೆ ಸುಳಿವು.

ನಮ್ಮ ಸೆಲ್‌ನ ಮೊದಲ ದಿನದ ಪುಸ್ತಕ ತೆಗೆದು ನೋಡಿದೆವು. 0.5ಕ್ಕೆ 1.87, 1ಕ್ಕೆ 2.00. ವ್ಯತ್ಯಾಸ 0.13, ಅದರಲ್ಲಿ 0.05 ಕ್ಯಾಟಲಿಸ್ಟ್‌ಗಳ ಪಾಲು ಅಂತ ಕಳೆದರೆ ಉಳಿದದ್ದು 0.08. ಅದು ಅರ್ಧ ಆಂಪಿಯರ್‌ಗೆ, ಹಾಗಾಗಿ ಅಡ್ಡಿ 0.16 ಓಮ್. ಮೂರು ವಾರ ಆದಮೇಲೆ 0.5ಕ್ಕೆ 2.10, 1ಕ್ಕೆ 2.45. ವ್ಯತ್ಯಾಸ 0.35, ಕಳೆದರೆ 0.30, ಅಡ್ಡಿ 0.60 ಓಮ್. ಜಾಸ್ತಿಯಾದ 0.44 ಓಮ್ 1 ಆಂಪಿಯರ್‌ನಲ್ಲಿ 0.44 ವೋಲ್ಟ್ ತಿನ್ನುತ್ತದೆ. ನಮಗೆ ಏರಿದ್ದು 0.45. ಬೋರ್ಡಿನ ಮೇಲೆ ಇಷ್ಟು ಬರೆದ ಮೇಲೆ ಯಾರೂ ಫೋಮ್ ಕತ್ತರಿಸುವ ಮಾತು ಎತ್ತಲಿಲ್ಲ. ಕ್ಯಾಟಲಿಸ್ಟ್ ಮೊದಲ ದಿನ ಹೇಗಿತ್ತೋ ಹಾಗೇ ಇತ್ತು.

ನಿಮ್ಮ ಲೆಕ್ಕ ಬೇರೆ ಥರ ಬರಬಹುದು. 0.5ರಲ್ಲೂ 1ರಲ್ಲೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಅಳತೆ ಏರಿದ್ದರೆ, ಉದಾಹರಣೆಗೆ ಎರಡರಲ್ಲೂ 0.15, ಆಗ ಕ್ಯಾಟಲಿಸ್ಟನ್ನು ಅನುಮಾನಿಸಿ. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ. ಇನ್ನು, ಕರೆಂಟ್ ಹರಿಯುತ್ತಿದೆ ಆದರೆ ವೋಲ್ಟೇಜ್ 1.23ಕ್ಕಿಂತ ಕಡಿಮೆ ಇದೆ, ಗುಳ್ಳೆ ಇಲ್ಲ ಅಂದರೆ ಎರಡು ಫೋಮ್ ಎಲ್ಲೋ ಒಂದಕ್ಕೊಂದು ತಾಗಿದೆ. ತಕ್ಷಣ ಆರಿಸಿ, ಬಟ್ಟೆಯ ಅಂಚು ನೋಡಿ. ಫೋಮಿನ ಒಂದೇ ಒಂದು ಎಳೆ ಚುಚ್ಚಿಕೊಂಡಿದ್ದರೂ ಸಾಕು.

ಕ್ಲಿಪ್

ಮೀಟರಿನ ಎರಡು ಕಡ್ಡಿಗಳನ್ನು ಪವರ್ ಸಪ್ಲೈ ತುದಿಗೆ ಇಟ್ಟರೆ 2.45. ಅದೇ ಕಡ್ಡಿಗಳನ್ನು ನೇರವಾಗಿ ಫೋಮಿನ ಮೇಲೆ, ಕ್ಲಿಪ್‌ನಿಂದ ಒಂದು ಬೆರಳು ಕೆಳಗೆ ಒತ್ತಿ ಹಿಡಿದರೆ 2.15. ಅಂದರೆ 0.30 ವೋಲ್ಟ್ ತಂತಿ ಮತ್ತು ಕ್ಲಿಪ್‌ನಲ್ಲೇ ಹೋಗುತ್ತಿತ್ತು.

ಕ್ಲಿಪ್ ಬಿಚ್ಚಿ ನೋಡಿದೆವು. ಹಲ್ಲುಗಳ ನಡುವೆ ಹಸಿರು ನೀಲಿ ಕಿಲುಬು, ಅದರ ಕೆಳಗೆ ಕಂದು ತುಕ್ಕು. ದ್ರಾವಣದ ಮಟ್ಟದಿಂದ ಕ್ಲಿಪ್ ಮೂರು ಸೆಂಟಿಮೀಟರ್ ಮೇಲಿತ್ತು, ಯಾರೂ ಚೆಲ್ಲಿರಲಿಲ್ಲ. ಹಾಗಾದರೆ ಪೊಟ್ಯಾಶ್ ಅಲ್ಲಿಗೆ ಹೋದದ್ದು ಹೇಗೆ? ಫೋಮ್ ಅಂದರೆ ಸ್ಪಂಜು ತಾನೇ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಅದು ದ್ರಾವಣವನ್ನು ಮೇಲಕ್ಕೆ ಎಳೆಯುತ್ತದೆ. ಮೇಲೆ ನೀರು ಆರಿ ಪೊಟ್ಯಾಶ್ ಗಟ್ಟಿಯಾಗುತ್ತದೆ, ಮತ್ತೆ ಎಳೆಯುತ್ತದೆ. ಫೋಮಿನ ಒಣ ಭಾಗ ಅಂತ ನಾವು ಅಂದುಕೊಂಡಿದ್ದರ ಮೇಲೆ ಬಿಳಿ ಹರಳಿನ ಗೆರೆ ಎದ್ದಿತ್ತು. ಗ್ಲೌಸ್ ಹಾಕಿದ ಬೆರಳಲ್ಲಿ ಮುಟ್ಟಿದರೆ ಸೋಪಿನ ಹಾಗೆ ಜಾರುತ್ತಿತ್ತು.

ನಮ್ಮ ಬೀದಿ ಕೊನೆಯ ಇನ್ವರ್ಟರ್ ಬ್ಯಾಟರಿ ಅಂಗಡಿಯವರಿಗೆ ಡಿಸ್ಟಿಲ್ಡ್ ವಾಟರ್ ತರಲು ಹೋದಾಗ ಇದನ್ನು ಹೇಳಿದೆ. ಅವರು ಸ್ಪ್ಯಾನರ್ ಕೆಳಗಿಡದೆ ಹೇಳಿದರು: "ಬ್ಯಾಟ್ರಿ ಸತ್ತೋಯ್ತು ಅಂತ ತುಂಬಾ ಜನ ಹೊತ್ಕೊಂಡು ಬರ್ತಾರೆ ಮೇಡಂ. ನಾನು ಮೊದ್ಲು ಟರ್ಮಿನಲ್ ಉಜ್ಜಿ ನೋಡ್ತೀನಿ." ಕಾಲು ಶತಮಾನ ಪಾಠ ಹೇಳಿದ ನನಗೆ ಆ ಮಾತು ತುಂಬಾ ಹಿಡಿಸಿತು. ಮಕ್ಕಳಿಗೆ ಹಾಗೇ ಹೇಳಿದೆ.

ಸರಿ ಮಾಡಿದ್ದು ಹೀಗೆ. ಕ್ರೊಕೊಡೈಲ್ ಕ್ಲಿಪ್ ತೆಗೆದೆವು. ಫೋಮಿನ ಮೇಲ್ತುದಿಯನ್ನು ಎರಡು ನಿಕ್ಕಲ್ ಪಟ್ಟಿಯ ನಡುವೆ ಇಟ್ಟು ಸ್ಕ್ರೂ ಹಾಕಿ ಒತ್ತಿದೆವು. ಲಿಥಿಯಂ ಬ್ಯಾಟರಿ ಜೋಡಿಸುವವರ ಹತ್ತಿರ ಈ ಪಟ್ಟಿ ಸಿಗುತ್ತದೆ. ಆದರೆ ಕೆಲವು ಪಟ್ಟಿಗಳು ನಿಕ್ಕಲ್ ಲೇಪಿಸಿದ ಉಕ್ಕು. ಎರಡೂ ಅಯಸ್ಕಾಂತಕ್ಕೆ ಅಂಟುತ್ತವೆ, ಹಾಗಾಗಿ ಅಯಸ್ಕಾಂತದಿಂದ ಗೊತ್ತಾಗುವುದಿಲ್ಲ. ಒಂದು ತುಂಡಿನ ಮೇಲೆ ಗೀರು ಹಾಕಿ ಉಪ್ಪುನೀರಲ್ಲಿ ಒಂದು ರಾತ್ರಿ ಇಡಿ. ಗೀರಿನಲ್ಲಿ ಕೆಂಪು ತುಕ್ಕು ಬಂದರೆ ಒಳಗೆ ಉಕ್ಕು. ಪಟ್ಟಿಯ ಕೆಳಗೆ, ದ್ರಾವಣದ ಮಟ್ಟಕ್ಕಿಂತ ಮೇಲೆ, ಫೋಮಿನ ಅಡ್ಡಕ್ಕೆ ಒಂದು ಸೆಂಟಿಮೀಟರ್ ಅಗಲ ಎಪಾಕ್ಸಿ ತುಂಬಿದೆವು. ಸಂದುಗಳು ಮುಚ್ಚಿದರೆ ದ್ರಾವಣ ಮೇಲೆ ಹತ್ತುವುದಿಲ್ಲ, ಲೋಹದ ಎಳೆಗಳಲ್ಲಿ ಕರೆಂಟ್ ಮಾತ್ರ ಹೋಗುತ್ತದೆ. ಪವರ್ ಸಪ್ಲೈ ತುದಿಯಲ್ಲೂ 2.15 ಬಂತು.

ನೀರು, ಪೊಟ್ಯಾಶ್

ಇನ್ನೂ 0.15 ಉಳಿದಿತ್ತು. ದ್ರಾವಣ ನೋಡಿದರೆ ಸ್ವಲ್ಪ ಮಬ್ಬು. ನಡುವಿನ ಬಟ್ಟೆ ತೆಗೆದು ತೊಳೆದರೆ ಒರಟಾಗಿತ್ತು, ಗೀಸರ್ ಕಾಯಿಲ್ ಮೇಲೆ ಕಟ್ಟುವಂಥ ಬಿಳಿ ಪದರ. ವಿಚಾರಿಸಿದಾಗ ತಿಳಿಯಿತು, ಎರಡನೇ ವಾರ ಡಿಸ್ಟಿಲ್ಡ್ ವಾಟರ್ ಮುಗಿದಾಗ ಅರಸೀಕೆರೆ ಕಡೆಯ ಹುಡುಗ ಮನೆಯಿಂದ ತಂದಿದ್ದ ಬೋರ್‌ವೆಲ್ ನೀರನ್ನು ಬಾಟಲಿಯಿಂದ ಸೇರಿಸಿದ್ದ. ಕುಡಿಯಲು ಚೆನ್ನಾಗಿದೆ ಅಂದರೆ ಸೆಲ್‌ಗೂ ಚೆನ್ನಾಗಿರುತ್ತದೆ ಅಂತ ಅಂದುಕೊಂಡಿದ್ದ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೊಟ್ಯಾಶ್‌ನಲ್ಲಿ ಕರಗಿ ನಿಲ್ಲುವುದಿಲ್ಲ. ಬಿಳಿ ಪುಡಿಯಾಗಿ ಬಟ್ಟೆಯ ಸಂದುಗಳಲ್ಲಿ ಕೂರುತ್ತದೆ, ಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತದೆ, ಅಯಾನುಗಳ ದಾರಿ ಕಿರಿದಾಗುತ್ತದೆ. ಬಟ್ಟೆಯನ್ನು ಚೆನ್ನಾಗಿ ತೊಳೆದು ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ. ಅಂಗಡಿಯ ಬ್ಯಾಟರಿ ನೀರನ್ನೂ ಟಿಡಿಎಸ್ (ನೀರಲ್ಲಿ ಕರಗಿದ ಲವಣ) ಮೀಟರ್ ಅದ್ದಿ ನೋಡಿಯೇ ಹಾಕಿ. ಸೊನ್ನೆಯ ಹತ್ತಿರ ಇರಬೇಕು.

ಇನ್ನೊಂದು ಕಾರಣ ಗಾಳಿ. ಪೊಟ್ಯಾಶ್ ಗಾಳಿಯ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಕಾರ್ಬೊನೇಟ್ ಆಗುತ್ತದೆ, ಕಾರ್ಬೊನೇಟ್ ದ್ರಾವಣದಲ್ಲಿ ಕರೆಂಟ್ ಅಷ್ಟು ಸಲೀಸಾಗಿ ಹರಿಯುವುದಿಲ್ಲ. ನಮ್ಮ ಡಬ್ಬಕ್ಕೆ ಮುಚ್ಚಳವೇ ಇರಲಿಲ್ಲ. ಪರೀಕ್ಷೆ ಸುಲಭ: 5 ಮಿಲಿ ಲೀಟರ್ ದ್ರಾವಣಕ್ಕೆ ವಿನೆಗರನ್ನು ಹನಿ ಹನಿಯಾಗಿ ಹಾಕುತ್ತಾ ಹೋಗಿ, ಲಿಟ್ಮಸ್ ಕೆಂಪಾಗುವ ತನಕ. ಹೊಸ ದ್ರಾವಣ ಸುಮ್ಮನೆ ಬೆಚ್ಚಗಾಗುತ್ತದೆ ಅಷ್ಟೇ. ಹಳೆಯದಾದರೆ ಕೊನೆಕೊನೆಗೆ ಸೋಡಾ ಹಾಗೆ ನೊರೆ ಬರುತ್ತದೆ. ಕೆಲವರು ಸುಣ್ಣದ ತಿಳಿನೀರಲ್ಲಿ ಪರೀಕ್ಷಿಸಿ ಅನ್ನುತ್ತಾರೆ. ಇಲ್ಲಿ ಅದನ್ನು ನಂಬಬೇಡಿ. ಗಟ್ಟಿ ಪೊಟ್ಯಾಶ್‌ಗೆ ಸುಣ್ಣದ ತಿಳಿ ಬಿದ್ದರೆ ಕಾರ್ಬೊನೇಟ್ ಇಲ್ಲದಿದ್ದರೂ ಸುಣ್ಣವೇ ಬೇರ್ಪಟ್ಟು ಬೆಳ್ಳಗಾಗುತ್ತದೆ.

ಹೊಸ ದ್ರಾವಣ ಮಾಡುವಾಗ ಒಂದು ಲೀಟರ್‌ಗೆ 56 ಗ್ರಾಂ ಅಂತ ಪುಸ್ತಕದ ಲೆಕ್ಕ. ಆದರೆ ಅಂಗಡಿಯಲ್ಲಿ ಸಿಗುವ ಪೊಟ್ಯಾಶ್ ಗುಳಿಗೆಯಲ್ಲಿ ಸಾಮಾನ್ಯವಾಗಿ 85 ಪರ್ಸೆಂಟ್ ಮಾತ್ರ ಪೊಟ್ಯಾಶ್, ಉಳಿದದ್ದು ಹೆಚ್ಚಾಗಿ ನೀರು. ಹಾಗಾಗಿ 66 ಗ್ರಾಂ ಬೇಕು. ಸಕಲೇಶಪುರದ ಕಡೆ ಜುಲೈನಲ್ಲಿ ಡಬ್ಬದ ಮುಚ್ಚಳ ಹತ್ತು ನಿಮಿಷ ತೆರೆದಿಟ್ಟರೆ ಗುಳಿಗೆಗಳು ಬೆವರಲು ಶುರು ಮಾಡುತ್ತವೆ, ಆಗ ತೂಕ ನಂಬುವ ಹಾಗಿಲ್ಲ. ದ್ರಾವಣ, ಬಟ್ಟೆ ಬದಲಿಸಿದ ಮೇಲೆ ನಮ್ಮ ಮೀಟರ್ 2.02 ತೋರಿಸಿತು.

ಅಡ್ಡಿ ಕಡಿಮೆಯಾಗಲಿ ಅಂತ ಅಡುಗೆ ಉಪ್ಪು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಆನೋಡ್‌ನಲ್ಲಿ ಕ್ಲೋರಿನ್ ಬರಬಹುದು, ಫೋಮೂ ಹಾಳಾಗುತ್ತದೆ. ನಿಕ್ಕಲ್ ಬದಲು ಸ್ಟೇನ್‌ಲೆಸ್ ಸ್ಟೀಲ್ ಚಮಚ ಇಟ್ಟು ಉಪ್ಪೋ ಅಡುಗೆ ಸೋಡಾವೋ ಹಾಕಿ ಮಾಡಿದರೆ, ಹಳದಿ ಬಣ್ಣದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯಬಹುದು.

"ಗ್ಯಾಸ್ ಕಡಿಮೆಯಾಗಿದೆ"

ಕರೆಂಟ್ 1 ಆಂಪಿಯರ್ ಅಂತ ಕಟ್ಟಿಟ್ಟಿದ್ದರೆ, ವೋಲ್ಟೇಜ್ ಎಷ್ಟೇ ಏರಲಿ, ಹುಟ್ಟುವ ಗ್ಯಾಸ್ ಅಷ್ಟೇ. ಇದು 1834ರಲ್ಲಿ ಫ್ಯಾರಡೆ ಪ್ರಕಟಿಸಿದ ನಿಯಮ. ಫೋನ್ ಚಾರ್ಜರ್‌ನಂಥ ವೋಲ್ಟೇಜ್ ಕಟ್ಟಿದ ಸಪ್ಲೈ ಇದ್ದರೆ ಮಾತ್ರ ಅಡ್ಡಿ ಜಾಸ್ತಿಯಾದಾಗ ಕರೆಂಟ್ ಇಳಿದು ಗ್ಯಾಸೂ ಇಳಿಯುತ್ತದೆ. ಆದ್ದರಿಂದ ಮೊದಲು ಆಂಪಿಯರ್ ನೋಡಿ. ಕರೆಂಟ್ ಸರಿಯಿದ್ದೂ ಗ್ಯಾಸ್ ಕಡಿಮೆ ಅಂದರೆ ಪೈಪ್ ಸೋರುತ್ತಿದೆ, ಇಲ್ಲ ಬಟ್ಟೆ ದಾಟಿ ಆಕ್ಸಿಜನ್ ಕಡೆ ಹೋಗುತ್ತಿದೆ. ಎರಡನೆಯದು ಅಪಾಯ, ನಿಲ್ಲಿಸಿ.

ಅಳೆಯುವಾಗ ನಮ್ಮ ಊರಿನ ಎತ್ತರ ಮರೆಯಬೇಡಿ. ನಮ್ಮ ಹುಡುಗಿ 1 ಆಂಪಿಯರ್‌ಗೆ ನಿಮಿಷಕ್ಕೆ 8.8 ಮಿಲಿ ಲೀಟರ್ ಹೈಡ್ರೋಜನ್ ಅಳೆದು, ಪುಸ್ತಕದ 7.6ಕ್ಕಿಂತ ಜಾಸ್ತಿ ಬಂತು ಅಂತ ಗಾಬರಿಯಾಗಿದ್ದಳು. 7.6 ಅನ್ನುವುದು ಸಮುದ್ರಮಟ್ಟದ ಒತ್ತಡದಲ್ಲಿ, 25 ಡಿಗ್ರಿಯಲ್ಲಿ, ಒಣ ಗ್ಯಾಸಿನ ಲೆಕ್ಕ. ಹಾಸನ 900 ಮೀಟರ್‌ಗಿಂತ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ಗ್ಯಾಸ್ ಅಷ್ಟು ಹಿಗ್ಗುತ್ತದೆ. ನೀರಿನ ಮೇಲೆ ಹಿಡಿದದ್ದರಿಂದ ಆವಿಯೂ ಸೇರಿರುತ್ತದೆ. ಎರಡನ್ನೂ ಲೆಕ್ಕಕ್ಕೆ ತಂದರೆ 8.8 ಸರಿಯಾದ ಉತ್ತರ. ಚಿಕ್ಕಮಗಳೂರು ಇನ್ನೂ ಎತ್ತರ, ಅಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಬರಬೇಕು. ಇಲ್ಲಿ ಕೂತು 7.6 ಅಳೆದು ನೂರಕ್ಕೆ ನೂರು ಅಂತ ಖುಷಿಪಟ್ಟರೆ, ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ನಿಜವಾಗಲೂ ಕ್ಯಾಟಲಿಸ್ಟೇ ಆಗಿದ್ದರೆ

ಒಂದು ಸಲಕ್ಕೆ ಒಂದೇ ತುಂಡು ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತೇ ಆಗುವುದಿಲ್ಲ.

ಆನೋಡ್ ಪರೀಕ್ಷೆಗೆ ಕಣ್ಣೇ ಸಾಕು. ನಿಕ್ಕಲ್ ಹೈಡ್ರಾಕ್ಸೈಡ್ ತಿಳಿ ಹಸಿರು, ಪಾಸಿಟಿವ್ ಕರೆಂಟ್ ಕೊಟ್ಟ ಕೂಡಲೇ ಕಪ್ಪಾಗುತ್ತದೆ. ಲೇಪನದಲ್ಲಿ ಕಪ್ಪಾಗದ ಜಾಗ ಇದ್ದರೆ ಅಲ್ಲಿಗೆ ಕರೆಂಟ್ ಮುಟ್ಟುತ್ತಿಲ್ಲ. ಡಬ್ಬದ ತಳದಲ್ಲಿ ಕಂದು ಪುಡಿ ಕೂತಿದ್ದರೆ ಲೇಪನ ಉದುರುತ್ತಿದೆ. ಹೆಚ್ಚಿನ ಸಲ ಕಾರಣ ಒಂದೇ, ಲೇಪಿಸುವ ಮೊದಲು ಫೋಮ್ ತೊಳೆದಿರುವುದಿಲ್ಲ. ಹೊಸ ಫೋಮಿನ ಮೇಲೆ ಜಿಡ್ಡೂ ಇರುತ್ತದೆ, ಆಕ್ಸೈಡ್ ಪದರವೂ ಇರುತ್ತದೆ. ಅಸಿಟೋನ್‌ನಲ್ಲಿ ಜಿಡ್ಡು ತೆಗೆದು, ಒಂದು ಪಾಲು ಗಟ್ಟಿ ಹೈಡ್ರೊಕ್ಲೋರಿಕ್ ಆಮ್ಲವನ್ನು ಮೂರು ಪಾಲು ನೀರಿಗೆ ಹಾಕಿ ಅದರಲ್ಲಿ ಹತ್ತು ನಿಮಿಷ ಇಟ್ಟು, ಡಿಸ್ಟಿಲ್ಡ್ ವಾಟರ್‌ನಲ್ಲಿ ಚೆನ್ನಾಗಿ ತೊಳೆದ ಮೇಲೆಯೇ ಲೇಪನ ಮಾಡಿ.

ಕ್ಯಾಥೋಡ್ ನಿಧಾನವಾಗಿ ಸುಸ್ತಾಗುತ್ತದೆ. ಹೈಡ್ರೋಜನ್ ನಿಕ್ಕಲ್ ಒಳಗೇ ಸೇರಿ ಹೈಡ್ರೈಡ್ ಆಗುವುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಕಡೆ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಆಗುತ್ತದೆ: ಕರೆಂಟ್ ಹೋಗುವುದು. ಆರಿದ ಸೆಲ್ ಸುಮ್ಮನಿರುವುದಿಲ್ಲ. ಒಳಗೆ ಹೈಡ್ರೋಜನ್, ಆಕ್ಸಿಜನ್, ಕಪ್ಪಾದ ನಿಕ್ಕಲ್ ಇರುವುದರಿಂದ ಅದೇ ಸಣ್ಣ ಬ್ಯಾಟರಿಯಾಗಿ ಪವರ್ ಸಪ್ಲೈ ಮೂಲಕ ಹಿಂದಕ್ಕೆ ಕರೆಂಟ್ ಹರಿಸುತ್ತದೆ, ಕ್ಯಾಥೋಡ್ ಆಕ್ಸೈಡ್ ಆಗುತ್ತದೆ. ದೊಡ್ಡ ಘಟಕಗಳಿಗೂ ಇದೇ ಕಾಟ. ಸಾಲಿನಲ್ಲಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಿ. ಡಯೋಡ್ ತಾನೇ ಒಂದಷ್ಟು ವೋಲ್ಟ್ ತಿನ್ನುವುದರಿಂದ, ಅಳತೆ ಯಾವಾಗಲೂ ಡಯೋಡ್ ದಾಟಿದ ಮೇಲೆ, ಫೋಮಿನ ಮೇಲೇ ಆಗಬೇಕು.

ವೋಲ್ಟೇಜ್ ಇಳಿದರೂ ಅನುಮಾನಿಸಿ

ಇದು ಯಾರಿಗೂ ದೋಷ ಅನ್ನಿಸುವುದಿಲ್ಲ. ಬರೀ ನಿಕ್ಕಲ್ ಆನೋಡ್ ದಿನದಿಂದ ದಿನಕ್ಕೆ ಚುರುಕಾಗುತ್ತಾ ಹೋದರೆ ಮಕ್ಕಳು ಕುಣಿಯುತ್ತಾರೆ. ಆದರೆ ಅಲ್ಲಿ ಕೆಲಸ ಮಾಡುತ್ತಿರುವುದು ಹೊರಗಿನಿಂದ ಬಂದ ಕಬ್ಬಿಣ. ಪೊಟ್ಯಾಶ್‌ನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲಿನಷ್ಟು ಕಬ್ಬಿಣ ಇದ್ದರೂ ನಿಕ್ಕಲ್ ಅದನ್ನು ಹೀರಿಕೊಂಡು ಬೇರೆಯೇ ಕ್ಯಾಟಲಿಸ್ಟ್ ಆಗುತ್ತದೆ. ಡೆನ್ನಿಸ್ ಕಾರಿಗನ್ ಎಂಬ ಸಂಶೋಧಕರು 1987ರಲ್ಲೇ ಇದನ್ನು ತೋರಿಸಿದ್ದರು. 2014ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಶಾನನ್ ಬೋಟ್ಚರ್ (Boettcher) ಅವರ ತಂಡ ಪೊಟ್ಯಾಶ್‌ನಿಂದ ಕಬ್ಬಿಣ ತೆಗೆದು ಅದೇ ನಿಕ್ಕಲನ್ನು ಪರೀಕ್ಷಿಸಿದಾಗ, ನಿಕ್ಕಲ್‌ಗೆ ಇದ್ದ ಒಳ್ಳೆ ಹೆಸರೇ ಇಳಿದುಹೋಯಿತು. ನಮ್ಮ ತುಕ್ಕು ಹಿಡಿದ ಕ್ಲಿಪ್‌ನಿಂದಲೂ ಒಂದಷ್ಟು ಕಬ್ಬಿಣ ಇಳಿದಿರಬೇಕು. ಎರಡು ಲೋಹ ಹೋಲಿಸುವ ಪ್ರಯೋಗ ಮಾಡುವುದಾದರೆ ಗಾಜಿನ ಪಾತ್ರೆ ಬೇಡ, ಪೊಟ್ಯಾಶ್ ಗಾಜನ್ನೂ ಕರಗಿಸಿ ಅದರಲ್ಲಿರುವ ಕಬ್ಬಿಣ ಹೊರಗೆ ಬಿಡುತ್ತದೆ. ಪಾಲಿಪ್ರೊಪಿಲೀನ್ ಡಬ್ಬ ಒಳ್ಳೆಯದು.

ಹೈಡ್ರೋಜನ್ ಕಡೆಗೂ ಇಂಥದ್ದೇ ಒಂದು ಮೋಸ ಇದೆ. ಎದುರಿಗೆ ಪ್ಲಾಟಿನಂ ತಂತಿ ಇಟ್ಟು ನಿಮ್ಮ ಹೊಸ ಕ್ಯಾಥೋಡ್ ಪರೀಕ್ಷಿಸಿದರೆ, ಪ್ಲಾಟಿನಂ ಚೂರುಚೂರೇ ಕರಗಿ ಬಂದು ನಿಮ್ಮ ಕ್ಯಾಥೋಡ್ ಮೇಲೆ ಕೂರುತ್ತದೆ. ಆಮೇಲೆ ನೀವು ಅಳೆಯುವುದು ಪ್ಲಾಟಿನಂನ ಚುರುಕು. ಗ್ರಾಫೈಟ್ ಕಡ್ಡಿ ಇಡಿ.

ನಮ್ಮ ಸೆಲ್ ಈಗಲೂ ಶೆಡ್ಡಿನಲ್ಲಿದೆ. ಬೆಳಿಗ್ಗೆ 18 ಡಿಗ್ರಿ ಇದ್ದಾಗ 2.05 ತೋರಿಸುತ್ತದೆ, ಮಧ್ಯಾಹ್ನ 28ಕ್ಕೆ ಬಂದರೆ 2.00ರ ಹತ್ತಿರ. ತಣ್ಣಗಾದರೆ ದ್ರಾವಣದ ಅಡ್ಡಿ ಪ್ರತಿ ಡಿಗ್ರಿಗೆ ಸುಮಾರು 2 ಪರ್ಸೆಂಟ್ ಏರುತ್ತದೆ, ಕ್ಯಾಟಲಿಸ್ಟೂ ಸ್ವಲ್ಪ ನಿಧಾನ. ಬೋರ್‌ವೆಲ್ ನೀರು ಹಾಕಿದ್ದ ಹುಡುಗ ಪುಸ್ತಕದಲ್ಲಿ ಈಗ ವೋಲ್ಟೇಜ್ ಪಕ್ಕ ಎರಡು ಕಾಲಂ ಹೊಸದಾಗಿ ಎಳೆದಿದ್ದಾನೆ. ಒಂದು ದ್ರಾವಣದ ಬಿಸಿ, ಇನ್ನೊಂದು ಹಾಕಿದ ನೀರಿನ ಟಿಡಿಎಸ್.